ಸೋಪಿನ ಡಬ್ಬಿಯಲ್ಲಿ ಅಮ್ಮನ ಕಿವಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಬಳಗದವರೆಲ್ಲ ಹೇಳುತ್ತಾರೆ. ಅದು ಸುಳ್ಳು. ಬರುವುದು ಎಲ್ಲರಿಗೂ ಬಂದ ಹಾಗೆಯೇ ಬರುತ್ತದೆ, ಹೋಗುವುದು ಮಾತ್ರ ತಡ. ಹಳೇಬೀಡಿನ ದೊಡ್ಡಪ್ಪನ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ. ಅವತ್ತು ನಡೆದ ರಾದ್ಧಾಂತಕ್ಕೆಲ್ಲ ನಾನು ಮಾಡಿದ ಒಂದು ಸೋಪಿನ ಡಬ್ಬಿಯೇ ಕಾರಣ ಎಂದು ನಮ್ಮವರ ನಂಬಿಕೆ. ಆದ್ದರಿಂದ ಡಬ್ಬಿಯಿಂದಲೇ ಶುರು ಮಾಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರಾಗಿದ್ದೆ. ರೈಲ್ವೆಯಲ್ಲಿದ್ದ ಅಪ್ಪ ತೀರಿಕೊಂಡಿದ್ದರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ; ಅಮ್ಮ, ನಾನು, ನನ್ನ ತಂಗಿ ಮೂವರೇ. ಕೊಬ್ಬರಿ ಮಂಡಿಯವರು ಮುಂಬಯಿಗೆ, ದೆಹಲಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು, ನಾನು ಬೋರ್ಡಿನ ಮುಂದೆ ಕೂತು ಅವರ ದನಿಯನ್ನು ಅಲ್ಲಿಗೆ ಸೇರಿಸುತ್ತಿದ್ದೆ. ದಿನವಿಡೀ ಕಿವಿಗೆ ಹೆಡ್‌ಸೆಟ್ಟು. ಮನೆಗೆ ಬಂದರೆ ಅಮ್ಮನಿಗೆ ಕಿವಿಯೇ ಇಲ್ಲ.

ಪೂರ್ತಿ ಇಲ್ಲ ಎಂದಲ್ಲ. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಅವಳಿಗೆ ವಿಷಮಶೀತ ಜ್ವರ ಬಂದು ಬಿಟ್ಟುಹೋಯಿತು, ಹೋಗುವಾಗ ಕಿವಿಯನ್ನು ತೆಗೆದುಕೊಂಡು ಹೋಯಿತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಕೇಳುತ್ತಿತ್ತು. ಆದರೆ ಯಾರು ಎಷ್ಟು ಸಲ ಕೂಗುತ್ತಾರೆ? ಒಂದು ಸಲ ಹೇಳಿದವರು ಎರಡನೆಯ ಸಲ ಹೇಳುವಾಗ ಮುಖ ಗಂಟಿಕ್ಕುತ್ತಿದ್ದರು, ಮೂರನೆಯ ಸಲಕ್ಕೆ ಬೇರೆಯವರತ್ತ ತಿರುಗಿ ನಗುತ್ತಿದ್ದರು. ಅದನ್ನು ನೋಡಿ ನೋಡಿ ಅಮ್ಮ ಒಂದು ಉಪಾಯ ಕಲಿತಳು. ಎದುರಿನವರ ತುಟಿಯನ್ನೇ ನೋಡುತ್ತ ನಿಲ್ಲುವುದು, ತುಟಿ ನಿಂತ ಕೂಡಲೇ ತಲೆಯಾಡಿಸಿ ಹೂಂ ಎನ್ನುವುದು. ಹೂಂ ಎಂದರೆ ಯಾರಿಗೂ ಬೇಸರವಿಲ್ಲ. ಹನ್ನೆರಡು ವರ್ಷ ಅಮ್ಮ ಹೂಂ ಎಂದುಕೊಂಡೇ ಬದುಕಿದಳು.

ನಾವು ಮಕ್ಕಳಾದರೂ ನೆಟ್ಟಗಿದ್ದೆವಾ? ಮನೆಗೆ ಯಾರಾದರೂ ಬಂದು ಹೋದ ಮೇಲೆ ಅಮ್ಮ "ಏನಂತೆ?" ಎಂದು ಕೇಳುತ್ತಿದ್ದಳು. "ಏನಿಲ್ಲ ಬಿಡು" ಎನ್ನುತ್ತಿದ್ದೆವು. ಅರ್ಧ ಗಂಟೆ ಕೂತು ಮಾತಾಡಿ ಹೋದವರು ಏನೂ ಹೇಳಲಿಲ್ಲವೇ? ಸಂಬಳಕ್ಕಾಗಿ ಊರಿನವರ ಮಾತನ್ನೆಲ್ಲ ಕೇಳಿ ತಲುಪಿಸುವ ನಾನು, ಸ್ವಂತ ತಾಯಿಗೆ ಎರಡು ಮಾತು ತಲುಪಿಸಲು ಸೋಮಾರಿತನ ಮಾಡಿದೆ. ಆ ಸಿಟ್ಟು ನನ್ನ ಮೇಲೆಯೇ.

ಅಮ್ಮನ ಹೂಂ ಅನ್ನು ಚೆನ್ನಾಗಿ ಬಳಸಿಕೊಂಡವರು ದೊಡ್ಡಪ್ಪ, ಅಪ್ಪನ ಅಣ್ಣ. ಹಳೇಬೀಡಿನಲ್ಲಿ ತೆಂಗಿನ ತೋಟ, ತೊಟ್ಟಿಮನೆ, ನಾಲ್ಕು ಜನ ಕೇಳುವ ಮಾತು. ಅಪ್ಪ ಹೋದ ಮೇಲೆ ನಮ್ಮ ಮೂವರ ಯಜಮಾನಿಕೆ ತಾನಾಗಿಯೇ ಅವರಿಗೆ ಹೋಯಿತು. ನನ್ನ ಪಿಯುಸಿ ಮುಗಿದ ವರ್ಷ ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ದೊಡ್ಡಪ್ಪ ಬಂದರು, ಊಟ ಮಾಡಿದರು, ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಾಗ ಮಾಮೂಲಿ ದನಿಯಲ್ಲಿ "ಹುಡುಗಿಗೆ ಓದಿದ್ದು ಸಾಕಲ್ವಾ?" ಎಂದರು. ಅಮ್ಮನಿಗೆ ತುಟಿಯಲ್ಲಿ ಕಂಡದ್ದು 'ಸಾಕು' ಎಂಬುದಷ್ಟೇ. ಸಾರು ಸಾಕೆಂದರು ಎಂದುಕೊಂಡು ಹೂಂ ಎಂದಳು. "ನೋಡು, ನಿಮ್ಮವ್ವನೂ ಒಪ್ಪಿದ್ಲು" ಎಂದು ದೊಡ್ಡಪ್ಪ ಕೈ ತೊಳೆದರು. ನಾನು ಅಳುತ್ತಿದ್ದುದು ಯಾಕೆಂದು ಅಮ್ಮನಿಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಅಷ್ಟು ಹೊತ್ತಿಗೆ ಸೀಟು ಬೇಡವೆಂದು ಹಾಸನಕ್ಕೆ ಕಾಗದ ಹೋಗಿತ್ತು.

ಕೆಲಸಕ್ಕೆ ಸೇರಿದ ಮೇಲೆ ಅಮ್ಮನನ್ನು ಹಾಸನದ ಡಾಕ್ಟರಿಗೆ ತೋರಿಸಿದೆ. ನರ ಸೋತಿದೆ, ಪೂರ್ತಿ ಸತ್ತಿಲ್ಲ, ಕಿವಿಗೆ ಮಿಷನ್ ಹಾಕಿದರೆ ಕೇಳುತ್ತದೆ ಎಂದರು. ಅದು ಬೆಂಗಳೂರಿನಿಂದ ಬರಬೇಕು, ನನ್ನ ಸಂಬಳಕ್ಕೆ ನಿಲುಕುವ ವಸ್ತುವಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು: ಕೊಬ್ಬರಿ ಧಾರಣೆ ಕೇಳುವ ದನಿಯನ್ನು ಅರಸೀಕೆರೆಯಿಂದ ಮುಂಬಯಿಯವರೆಗೆ ಕಳಿಸುತ್ತೇನೆ, ಒಂದು ಗೇಣು ದೂರದಲ್ಲಿರುವ ಅಮ್ಮನ ಕಿವಿಗೆ ಕಳಿಸಲಾರೆನೇ?

ಗೂಡ್ಸ್ ಶೆಡ್ಡಿನ ಹಿಂದೆ ಒಂದು ಗುಜರಿ ಅಂಗಡಿಯಿತ್ತು. ಗೋಣಿಚೀಲದ ಮೇಲೆ ತಕ್ಕಡಿ ಇಟ್ಟುಕೊಂಡು ಒಬ್ಬ ಮುದುಕರು ಕೂತಿರುತ್ತಿದ್ದರು. ಲಾರಿಯ ಡೈನಮೋ, ಒಡೆದ ರೇಡಿಯೋ, ತೂತಾದ ಕೊಳಗ, ಎಲ್ಲವೂ ಅವರಿಗೆ ಒಂದೇ, ಕೊಡುವುದು ತೂಕಕ್ಕೆ. ರೇಡಿಯೋದಲ್ಲಿ ಭಾರವಾದದ್ದು ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ಜೀವವಿರುವ ಟ್ರಾನ್ಸಿಸ್ಟರುಗಳಿಗೆ ತೂಕವೇ ಇಲ್ಲ. ನಾನು ದೊಡ್ಡ ಟ್ರಾನ್ಸ್‌ಫಾರ್ಮರು ಬಿಚ್ಚಿ ಅವರ ರಾಶಿಗೇ ಹಾಕಿ, ಉಳಿದದ್ದನ್ನು ತೂಗಿಸುತ್ತಿದ್ದೆ. ಅವರು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು. ಯಾರಿಗೆ, ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಈ ಕಥೆಯಲ್ಲಿ ನನಗೆ ಸಿಟ್ಟು ತರಿಸದ ಗಂಡಸು ಅವರೊಬ್ಬರೇ.

ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿಯವನು ಹಾಗಲ್ಲ. ಬೆಸುಗೆಗೆ ಸೀಸ ಮತ್ತು ರಾಳ ಕೊಡಿ ಎಂದದ್ದಕ್ಕೆ ಅಣ್ಣನನ್ನು ಕಳಿಸು ಎಂದ. ಅಣ್ಣ ಇಲ್ಲ ಎಂದೆ. ಹಾಗಾದರೆ ಅಪ್ಪನನ್ನು ಕಳಿಸು ಎಂದ. ಅಪ್ಪನೂ ಇಲ್ಲ ಎಂದೆ. ಮನೆಯಲ್ಲಿ ಗಂಡಸೇ ಇಲ್ಲದ ಮೇಲೆ ಸೋಲ್ಡರಿಂಗ್ ಯಾರು ಮಾಡುತ್ತಾರೆ ಎಂದು ನಿಜವಾಗಿ ಆಶ್ಚರ್ಯಪಟ್ಟು ಕೇಳಿದ. ನಾಲ್ಕು ಸಲ ಅಲೆಸಿದ ಮೇಲೆ, ಅವನ ಅಂಗಡಿಯ ಫೋನಿಗೆ ಬರುವ ಟ್ರಂಕ್ ಕಾಲ್‌ಗಳನ್ನು ಕೊಡುವವಳು ನಾನೇ ಎಂದು ನೆನಪು ಮಾಡಿದೆ. ಸೀಸ ಸಿಕ್ಕಿತು.

ಗುಜರಿಯ ರಾಶಿಯಲ್ಲಿ ನಮ್ಮ ಇಲಾಖೆಯವರೇ ಹರಾಜು ಹಾಕಿದ ಕರಿಯ ಟೆಲಿಫೋನುಗಳಿದ್ದವು. ಮಾತಾಡುವ ಕಡೆಯ ಮುಚ್ಚಳ ತಿರುಗಿಸಿದರೆ ಒಳಗೆ ಬಿಲ್ಲೆಯಂಥದ್ದೊಂದು, ಅದರ ಹೊಟ್ಟೆಯಲ್ಲಿ ಇದ್ದಿಲ ಹರಳು. ದನಿ ತಾಕಿದರೆ ಹರಳು ಅದುರುತ್ತದೆ, ಕರೆಂಟು ಅದಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ತೇವಕ್ಕೆ ಹರಳು ಗಟ್ಟಿಕಟ್ಟಿದರೆ ದನಿ ಹೂತುಹೋಗುತ್ತದೆ. ಬೋರ್ಡಿನಲ್ಲಿ ಕೂತು ನಾವು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತೇ ಇದು: ರಿಸೀವರನ್ನು ಒಂಚೂರು ತಟ್ಟಿ ಮಾತಾಡಿ. ಅಂಥ ಮೂರು ಬಿಲ್ಲೆ ತಂದು ಹಪ್ಪಳದ ಜೊತೆ ಬಿಸಿಲಿಗಿಟ್ಟೆ. ಜೇಬು ರೇಡಿಯೋ ಒಂದರಿಂದ ಎರಡು ಟ್ರಾನ್ಸಿಸ್ಟರು, ಬೆರಳುಗಾತ್ರದ ಒಂದು ಟ್ರಾನ್ಸ್‌ಫಾರ್ಮರು, ಕಿವಿಗೆ ಸಿಕ್ಕಿಸುವ ಇಯರ್‌ಫೋನು ಸಿಕ್ಕವು. ಇವನ್ನೆಲ್ಲ ಜೋಡಿಸುವ ನಕ್ಷೆ ಸಿಕ್ಕಿದ್ದೂ ಅದೇ ಗುಜರಿಯಲ್ಲಿ, ರದ್ದಿಗೆ ಬಂದ ಒಂದು ಇಂಗ್ಲಿಷ್ ಮಾಸಪತ್ರಿಕೆಯ ಹರಿದ ಹಾಳೆಯಲ್ಲಿ.

ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಜಗಲಿಯ ಬೆಳಕಿನಲ್ಲಿ ಕೂರುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಬಿಚ್ಚಿದ ರೆಸಿಸ್ಟರುಗಳನ್ನು ಬೆಂಕಿಪೊಟ್ಟಣಗಳಿಗೆ ವಿಂಗಡಿಸುತ್ತಿದ್ದಳು. ರೆಸಿಸ್ಟರು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಅದರ ಮೈಮೇಲಿನ ಬಣ್ಣದ ಪಟ್ಟೆಗಳೇ ಲೆಕ್ಕ. ಕಂದು ಅಂದರೆ ಒಂದು, ಕೆಂಪು ಅಂದರೆ ಎರಡು, ಕಿತ್ತಳೆ ಅಂದರೆ ಮೂರು, ಹೀಗೆ. ಬಣ್ಣ ನೋಡಿ ಹಾಕು ಎಂದು ಅವಳ ಕಿವಿಯಲ್ಲಿ ಕೂಗಿ ಹೇಳಿದ್ದೆ. ಅವಳು ಹೂಂ ಎಂದಿದ್ದಳು.

ಮೊದಲ ಸಲ ಎಲ್ಲ ಬೆಸೆದು ಸೆಲ್ ಹಾಕಿದಾಗ ಟ್ರಾನ್ಸಿಸ್ಟರು ಮುಟ್ಟಲಾಗದಷ್ಟು ಕಾದು ಸತ್ತೇಹೋಯಿತು. ಹತ್ತು ಸಾವಿರದ ರೆಸಿಸ್ಟರು ಇರಬೇಕಾದ ಕಡೆ ಒಂದು ಸಾವಿರದ್ದನ್ನು ಹಾಕಿದ್ದೆ. ಪೊಟ್ಟಣ ನೋಡಿದ್ದೆನೇ ಹೊರತು ಪಟ್ಟೆ ನೋಡಿರಲಿಲ್ಲ. ಪೊಟ್ಟಣ ಸುರಿದು ನೋಡಿದರೆ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಕಡೆ ಬಿದ್ದಿವೆ. ಅಮ್ಮನ ಕಣ್ಣಿಗೆ ಮೂರೂ ಕೆಂಪು. ನಮ್ಮ ಕಡೆ ಕಂದು ಎಂಬ ಮಾತು ಸ್ಕೂಲಿನ ಪುಸ್ತಕದಲ್ಲಿತ್ತು, ಬಾಯಲ್ಲಿ ಇರಲಿಲ್ಲ. ಕಂದು ಹಸುವನ್ನು ಕೆಂದ ಎನ್ನುತ್ತೇವೆ, ಕಿತ್ತಳೆ ಬಣ್ಣದ ಸೀರೆಯನ್ನೂ ಕೆಂಪು ಸೀರೆ ಎಂದುಬಿಡುತ್ತೇವೆ. ನಾನು ಅದನ್ನು ಯೋಚಿಸದೆ, ಒಂದು ತಿಂಗಳು ಹುಡುಕಿ ತಂದ ಟ್ರಾನ್ಸಿಸ್ಟರು ಹೋಯಿತಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಅಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ತುಟಿ ನಿಂತಾಗ ಹೂಂ ಎಂದಳು.

ಅವತ್ತು ನಾನು ಊಟ ಮಾಡಲಿಲ್ಲ. ಮಾರನೆಯ ದಿನ ಬಂದು ನೋಡಿದರೆ ಪೊಟ್ಟಣಗಳೆಲ್ಲ ಹೊಸದಾಗಿ ವಿಂಗಡವಾಗಿದ್ದವು. ಅಮ್ಮ ತನ್ನದೇ ಹೆಸರಿಟ್ಟುಕೊಂಡಿದ್ದಳು. ಕಪ್ಪು ಕಾಡಿಗೆ, ಕಂದು ಕಾಫಿಪುಡಿ, ಕೆಂಪು ಕುಂಕುಮ, ಕಿತ್ತಳೆ ಕಾವಿ, ಹಳದಿ ಅರಿಸಿನ, ಹಸಿರು ವೀಳ್ಯದೆಲೆ. ನೇರಳೆಗೆ ಬದನೆಕಾಯಿ, ಬೂದು ಬಣ್ಣಕ್ಕೆ ಒಲೆಯ ಬೂದಿ. ಆಮೇಲೆ ಒಂದೂ ತಪ್ಪಲಿಲ್ಲ. "ಕಾಫಿಪುಡಿ ಕಾಡಿಗೆ ಕಾವಿ ಕೊಡು" ಎಂದು ಕೂಗಿದರೆ ಸರಿಯಾದದ್ದೇ ಕೈಗೆ ಬರುತ್ತಿತ್ತು. ಇಂಜಿನಿಯರಿಂಗ್ ಓದಿದವರು ಇದನ್ನು ಕೇಳಿ ನಗುತ್ತಾರೆ. ನಗಲಿ, ನನಗೆ ಆ ಲೆಕ್ಕ ಇಂದಿಗೂ ಆ ಹೆಸರುಗಳಲ್ಲೇ ಬರುವುದು.

ಎಲ್ಲವನ್ನೂ ತಂಗಿಯ ಹಳೆಯ ಸೋಪಿನ ಡಬ್ಬಿಯಲ್ಲಿ ಕೂರಿಸಿ, ಮುಚ್ಚಳಕ್ಕೆ ಕಾದ ಸೂಜಿಯಿಂದ ತೂತು ಮಾಡಿ, ಎರಡು ಪೆನ್ಸಿಲ್ ಸೆಲ್ ಹಾಕಿದೆ. ತಂಗಿ ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದಳು. ಇಯರ್‌ಫೋನನ್ನು ಅಮ್ಮನ ಎಡಗಿವಿಗೆ ಸಿಕ್ಕಿಸಿದೆ. ಸಾಸಿವೆ ಚಟಪಟ ಎಂದಿತು. ಅಮ್ಮ ಬೆಚ್ಚಿ ಅಡುಗೆಮನೆಯ ಕಡೆ ತಿರುಗಿದಳು. ಅಷ್ಟು ವರ್ಷ ಸಾಸಿವೆ ಸಿಡಿದದ್ದನ್ನು ಅವಳು ಕಣ್ಣಲ್ಲಿ ನೋಡಿಯೇ ತಿಳಿದುಕೊಂಡಿದ್ದಳು. ನಾನು ಖುಷಿಯಲ್ಲಿ ಕೇಳಿಸಿತಾ, ಕೇಳಿಸಿತಾ ಎಂದು ಕೂಗಿದೆ. ಅವಳು ಕಿವಿ ಮುಚ್ಚಿಕೊಂಡು, "ಯಾಕೆ ಹಂಗೆ ಕಿರುಚ್ತೀಯ, ನಿನ್ನ ಗಂಟಲು ಇಷ್ಟು ಒರಟಾಗಿದ್ದು ಯಾವಾಗ?" ಎಂದಳು. ಹನ್ನೆರಡು ವರ್ಷ ಅವಳಿಗಾಗಿ ಕೂಗಿ ಕೂಗಿ ನಮ್ಮಿಬ್ಬರ ದನಿಯೂ ಹಾಗೆ ಆಗಿತ್ತು. ಅದು ಅವಳಿಗೆ ಗೊತ್ತಾಗಿದ್ದು ಅವತ್ತೇ.

ಡಬ್ಬಿಯನ್ನು ಹೊರಗೆ ತೋರಿಸಲು ಅವಳಿಗೆ ನಾಚಿಕೆ. ಎದೆಯ ಹತ್ತಿರ ರವಿಕೆಗೆ ಒಂದು ಬಟ್ಟೆಯ ಚೀಲ ಹೊಲಿದು ಅದರಲ್ಲಿಟ್ಟುಕೊಂಡು, ವೈರನ್ನು ತುರುಬಿನ ಕೆಳಗಿಂದ ತಂದು, ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದಳು. ದನಿ ಮಂಕಾದರೆ ಡಬ್ಬಿಯನ್ನು ಎರಡು ಸಲ ತಟ್ಟಬೇಕು ಎಂದು ಹೇಳಿಕೊಟ್ಟೆ. ಸೆರಗಿನ ಮೇಲಿಂದಲೇ ತಟ್ಟಿಕೊಳ್ಳುತ್ತಿದ್ದಳು, ನೋಡಿದವರು ಎದೆನೋವು ಎಂದುಕೊಳ್ಳುತ್ತಿದ್ದರು. ನಮ್ಮ ಮೂವರನ್ನು ಬಿಟ್ಟು ಡಬ್ಬಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಇದಾಗಿ ಎರಡು ತಿಂಗಳಿಗೆ ದೊಡ್ಡಪ್ಪನ ಕಾಗದ ಬಂತು. ಬೇಲೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇರುವ ಹುಡುಗ, ತಂಗಿಯನ್ನು ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿದ್ದಾನೆ, ಭಾನುವಾರ ಹಳೇಬೀಡಿನಲ್ಲಿ ಮಾತುಕತೆ, ಬನ್ನಿ. ಕೇಳಿದ್ದಲ್ಲ, ತಿಳಿಸಿದ್ದು. ತಂಗಿಗೆ ಆಗ ಹತ್ತೊಂಬತ್ತು, ಟೈಪಿಂಗ್ ಕಲಿಯುತ್ತಿದ್ದಳು. ಅವಳಿಗೆ ಬೇಕು ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ. ಹುಡುಗ ಒಳ್ಳೆಯವನಾದರೆ ಆಗಲಿ ಎನ್ನುವ ವಯಸ್ಸು. ನಮ್ಮಲ್ಲಿ ಒಂದು ಪದ್ಧತಿ. ಮಾತುಕತೆಯಲ್ಲಿ ಎಲೆ-ಅಡಿಕೆ ತಟ್ಟೆ ಕೈ ಬದಲಾಗುವ ಮೊದಲು ಹೆಣ್ಣಿನ ತಾಯಿಯನ್ನು ಸಭೆಯ ಮುಂದೆ ಒಪ್ಪಿಗೆಯಾ ಎಂದು ಕೇಳುತ್ತಾರೆ. ಅವಳು ಹೂಂ ಎಂದರೆ ತಟ್ಟೆ ಆಚೆ ಹೋಯಿತು. ತಟ್ಟೆ ಹೋದ ಮೇಲೆ ಹಿಂದೆಗೆದರೆ ಆ ಹುಡುಗಿಯ ಬಾಳು ಮುಗಿದ ಹಾಗೆ ಎಂದೇ ಎಲ್ಲರೂ ನೋಡುವುದು. ನನ್ನ ತಂಗಿಯ ಇಡೀ ಜೀವನ ಅಮ್ಮನ ಒಂದು ತಲೆಯಾಡಿಸುವಿಕೆಯ ಮೇಲೆ ನಿಂತಿತ್ತು. ಅದಕ್ಕೇ ಹೊರಡುವ ಮುಂಚೆ ಹೊಸ ಸೆಲ್ ಹಾಕಿಕೊಟ್ಟೆ. ಮಗಳ ಮದುವೆಯ ಮಾತನ್ನಾದರೂ ಅಮ್ಮ ಸರಿಯಾಗಿ ಕೇಳಿಸಿಕೊಳ್ಳಲಿ ಎಂದು, ಅಷ್ಟೇ. ಕದ್ದು ಕೇಳಲಿ ಎಂದಲ್ಲ.

ಗಂಡಿನ ಕಡೆಯಿಂದ ಏಳೆಂಟು ಜನ ಬಂದಿದ್ದರು, ನಮ್ಮ ಕಡೆಯ ಹಿರಿಯರು ನಾಲ್ವರು. ತಂಗಿ ಮತ್ತು ನಾನು ಅಡುಗೆಮನೆಯಲ್ಲಿ. ಕರೆಯುವ ತನಕ ಈಚೆ ಬರಬೇಡಿ ಎಂದು ದೊಡ್ಡಪ್ಪನ ಅಪ್ಪಣೆ. ದೊಡ್ಡಮ್ಮ, ಅಂದರೆ ಅವರ ಹೆಂಡತಿ, ಉಪ್ಪಿಟ್ಟು ಕಾಫಿ ಕೊಡಲು ಓಡಾಡುತ್ತಿದ್ದರು. ಅಮ್ಮ ವಿಧವೆ, ಸಭೆಯ ಮಧ್ಯೆ ಕೂರುವ ಹಾಗಿಲ್ಲ. ನಡುಮನೆಯ ಮೂಲೆಯ ಕಂಬದ ಹತ್ತಿರ ಅವಳಿಗೆ ಜಾಗ.

ಆ ಮನೆಯಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ಯಾರಿಗೂ ತಿಳಿಯಬಾರದ ಮಾತಾಡಬೇಕಾದರೆ ಅಮ್ಮ ಕೂತ ಕಡೆ ಹೋಗಿ ಮಾತಾಡುವುದು. ಅಲ್ಲಿ ಬೇರೆ ಯಾರೂ ಬರುವುದಿಲ್ಲ, ಇರುವವಳಿಗೆ ಕೇಳುವುದಿಲ್ಲ. ಚಿಕ್ಕವಳಾಗಿದ್ದಾಗ ಎಷ್ಟೋ ಸಲ ನೋಡಿದ್ದೆ, ಅದೂ ಒಂದು ಅವಮಾನ ಎಂದು ತಿಳಿಯುವ ಬುದ್ಧಿ ಇರಲಿಲ್ಲ. ಅವತ್ತೂ ಅದೇ ಆದದ್ದನ್ನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡಿದೆ. ಹುಡುಗನ ಸೋದರಮಾವ ದೊಡ್ಡಪ್ಪನ ಮೊಣಕೈ ಮುಟ್ಟಿ ಒಂದು ಮಾತು ಎಂದಾಗ, ದೊಡ್ಡಪ್ಪ ನೇರ ಆ ಕಂಬದ ಹತ್ತಿರವೇ ಕರೆದುಕೊಂಡು ಹೋದರು. ಅಮ್ಮ ಎರಡು ಸಲ ಎದೆ ತಟ್ಟಿಕೊಂಡಳು.

ಅಲ್ಲಿ ಆಡಿದ್ದನ್ನು ಅಮ್ಮ ನನಗೆ ಆಮೇಲೆ ಒಂದಕ್ಷರ ಬಿಡದೆ ಹೇಳಿದಳು. ಹುಡುಗನಿಗೆ ಮೊದಲೇ ಮದುವೆಯಾಗಿದೆ. ಅರಸೀಕೆರೆ ಹತ್ತಿರದ ಗಂಡಸಿ ಊರಿನ ಹೆಣ್ಣು, ಎರಡು ವರ್ಷದ ಹಿಂದೆ ತವರಿಗೆ ಅಟ್ಟಿದ್ದಾರೆ, ಬಿಡುಗಡೆಯ ಕಾಗದ ಪತ್ರ ಏನೂ ಆಗಿಲ್ಲ, ಅವಳು ಇನ್ನೂ ಕರೆಸಿಕೊಂಡಾರು ಎಂದು ಕಾಯುತ್ತಿದ್ದಾಳೆ. ಇದು ಹೆಣ್ಣಿನ ಕಡೆಯವರಿಗೆ ಗೊತ್ತೇ ಎಂದು ಸೋದರಮಾವನ ಪ್ರಶ್ನೆ. ಹೆಣ್ಣಿನ ಕಡೆ ಅಂದರೆ ನಾನೇ ಎಂದರಂತೆ ದೊಡ್ಡಪ್ಪ. ತಾಯಿಗೆ ಕಿವಿ ಕೇಳದು, ಅಕ್ಕ ಫೋನ್ ಆಫೀಸಿನಲ್ಲಿ ಇರುತ್ತಾಳೆ, ನಾನು ಹೇಳಿದ್ದೇ ಮಾತು. ನನ್ನ ಮಗನ ಸೊಸೈಟಿ ಕೆಲಸದ ವಿಷಯ ಮಾತ್ರ ನಿಮ್ಮ ಭಾವನವರು ಮರೆಯದಿದ್ದರೆ ಸರಿ. ಹುಡುಗನ ತಂದೆ ಬೇಲೂರಿನಲ್ಲಿ ಕೆಲಸ ಕೊಡಿಸುವಷ್ಟು ದೊಡ್ಡ ಮನುಷ್ಯರು. ತಮ್ಮನ ಮಗಳನ್ನು ಕೊಟ್ಟು ಮಗನಿಗೆ ಕೆಲಸ. ಇಬ್ಬರೂ ಕಾಫಿ ಲೋಟ ಹಿಡಿದುಕೊಂಡೇ ಇದನ್ನು ಮುಗಿಸಿದರು.

ತಟ್ಟೆ ಬಂತು. ದೊಡ್ಡಪ್ಪ ಅಮ್ಮನ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಒಪ್ಪಿಗೆ ತಾನೇನಮ್ಮಾ?" ಎಂದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಅಡುಗೆಮನೆಯಲ್ಲಿ ನಮಗೂ ಕೇಳಿಸಿತು. ಅಮ್ಮ ಕಂಬ ಹಿಡಿದು ಎದ್ದು ನಿಂತಳು. ಮದುವೆಯಾಗಿ ಬಂದಾಗಿನಿಂದ ಗಂಡನ ಅಣ್ಣನ ಎದುರು ತಲೆಯೆತ್ತಿ ಮಾತಾಡದವಳು ನೇರ ಅವರ ಮುಖ ನೋಡಿ ಹೇಳಿದಳು.

"ಗಂಡಸಿಯೋಳು ಬದುಕವ್ಳಲ್ಲ ಭಾವನೋರೆ. ಅವಳನ್ನ ಕೇಳಿದ್ರಾ?"

ನಾನು ಓಡಿ ಈಚೆ ಬಂದೆ. ಗಂಡಿನ ಕಡೆಯವರ ಮುಖ ಬಿಳಿಚಿಕೊಂಡಿತ್ತು. ದೊಡ್ಡಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ತುರುಬಿನ ಕೆಳಗಿನ ವೈರು ಕಣ್ಣಿಗೆ ಬಿತ್ತು. ಹಿಡಿದು ಎಳೆದರು. ಇಯರ್‌ಫೋನು ಕಿತ್ತು ಬಂತು, ಹಿಂದೆಯೇ ಡಬ್ಬಿ ರವಿಕೆಯ ಚೀಲ ಹರಿದುಕೊಂಡು ಈಚೆ ಬಂತು. ಟೇಪ್ ರೆಕಾರ್ಡರು ಎಂದು ಯಾರೋ ಗಾಬರಿಯಿಂದ ಹೇಳಿದರು. ದೊಡ್ಡಪ್ಪ ಅದನ್ನು ತೊಟ್ಟಿಯ ಕಲ್ಲಿನ ಮೇಲೆ ಬೀಸಿ ಒಗೆದರು. ಬಿಲ್ಲೆ ಒಡೆದು ಇದ್ದಿಲ ಪುಡಿ ಚೆಲ್ಲಿತು. ತಮ್ಮನ ಹೆಂಡತಿಯ ಎದೆಗೆ ಕೈ ಹಾಕಿದೆನಲ್ಲ ಎಂಬ ನಾಚಿಕೆಯೂ ಆ ಮನುಷ್ಯನಿಗೆ ಇರಲಿಲ್ಲ.

ನನ್ನ ಕಡೆ ತಿರುಗಿದರು. "ಊರೋರ ಮಾತು ಕದ್ದು ಕೇಳೋದೇ ಇವಳ ಕಸುಬು, ಈಗ ಮನೆಗೂ ತಂದವ್ಳೆ" ಎಂದರು. ಇಡೀ ಸಭೆ ತಲೆಯಾಡಿಸಿತು. ಹನ್ನೆರಡು ಜನ ಗಂಡಸರಿದ್ದರು ಅಲ್ಲಿ. ಮೂರು ಜನಕ್ಕಾದರೂ ಹೆಣ್ಣುಮಕ್ಕಳಿದ್ದರು. ಒಬ್ಬರೂ ಗಂಡಸಿಯ ಹೆಣ್ಣಿನ ವಿಷಯ ಹೌದೇ ಅಲ್ಲವೇ ಎಂದು ಕೇಳಲಿಲ್ಲ. ಸುಳ್ಳು ಎಂದು ಹುಡುಗನ ಸೋದರಮಾವನೂ ಹೇಳಲಿಲ್ಲ. ಆಡಿದ್ದು ತಪ್ಪಲ್ಲ, ಕೇಳಿಸಿಕೊಂಡದ್ದು ತಪ್ಪು. ಅವತ್ತು ಆ ನಡುಮನೆಯಲ್ಲಿ ವಿಚಾರಣೆ ನಡೆದದ್ದು ಒಂದು ಸೋಪಿನ ಡಬ್ಬಿಯದು.

ದೊಡ್ಡಪ್ಪ ಅಷ್ಟಕ್ಕೆ ಬಿಡಲಿಲ್ಲ. ಸಂಬಂಧ ಉಳಿಸಿಕೊಳ್ಳಬೇಕಿತ್ತು. ಇವಳಿಗೆ ಕಿವಿ ಕೇಳಿಸುವುದೇ ಇಲ್ಲ, ಮಗಳು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಳೆ, ನೋಡಿ ಎಂದು ಅಮ್ಮನ ಬೆನ್ನಿನ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಅವಳ ಹೆಸರು ಹಿಡಿದು ಕರೆದರು. ಡಬ್ಬಿ ತೊಟ್ಟಿಯಲ್ಲಿ ಬಿದ್ದಿತ್ತು. ಅಮ್ಮ ತಿರುಗಲಿಲ್ಲ. ಮತ್ತೆ ಕರೆದರು. ತಿರುಗಲಿಲ್ಲ. ನೋಡಿದಿರಲ್ಲ ಎಂದು ಕೈ ಚೆಲ್ಲಿ ನಕ್ಕರು, ಸಭೆಯಲ್ಲೂ ಇಬ್ಬರು ನಕ್ಕರು. ಕಿವಿ ಕಿತ್ತು ಹಾಕಿ ಕಿವುಡಿ ಎಂದು ಸಾಬೀತು ಮಾಡಿದ ನಗು ಅದು.

ದೊಡ್ಡಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಂಬದ ಹತ್ತಿರ ಆ ಇಬ್ಬರಿಗೆ ಕಾಫಿ ಕೊಟ್ಟವರು ಅವರೇ. ನೀವು ಅಲ್ಲೇ ಇದ್ದಿರಲ್ಲ ದೊಡ್ಡಮ್ಮ, ಕೇಳಿಸಿದ್ದು ಹೇಳಿ ಎಂದು ಬೇಡಿಕೊಂಡೆ. ಅವರು ತಟ್ಟೆಯನ್ನು ನೋಡಿದರು, ಒಳಗೆ ಹೋದರು. ಎಷ್ಟೋ ವರ್ಷದ ಮೇಲೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದುಕೊಂಡು, "ನಂಗೂ ಕೇಳಿಸಿತ್ತು ಕಣೇ, ಆ ಮನೇಲಿ ಬಾಳ್ಬೇಕಿತ್ತಲ್ಲ" ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕು ಎಂದೇನೂ ಇಲ್ಲ.

ಅಮ್ಮನಿಗೆ ಈಗ ಯಾರ ಮಾತೂ ಕೇಳುತ್ತಿರಲಿಲ್ಲ. ಬಾಯಿಗಳು ಆಡುವುದು, ನಗುವುದು ಮಾತ್ರ ಕಾಣುತ್ತಿತ್ತು. ಒಂದು ಗಳಿಗೆ ಹಾಗೇ ನಿಂತಿದ್ದು, ಅಡುಗೆಮನೆಗೆ ಹೋಗಿ ತಂಗಿಯ ರಟ್ಟೆ ಹಿಡಿದು ಕರೆದುಕೊಂಡು ಬಂದಳು. ಸಭೆಯ ನಡುವೆ ನಿಂತು, "ಈ ಸಂಬಂಧ ನಮಗೆ ಬೇಡ" ಎಂದಳು. ಯಾರಿಂದಲೂ ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಹೇಳಿದಳು, ಮೂರನೆಯ ಸಲ ಅರಚಿಯೇ ಹೇಳಿದಳು. ಆಮೇಲೆ ಮೆಟ್ಟಿಲಿಳಿದಳು. ನಾನು ಡಬ್ಬಿಯ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ಹಿಂದೆ ಹೋದೆ.

ಮದುವೆ ನಿಂತಿತು. ದೊಡ್ಡಪ್ಪ 'ಆ ಎಕ್ಸ್‌ಚೇಂಜಿನವಳು' ಎಂದು ನನ್ನನ್ನು ಊರೂರಲ್ಲಿ ಬೈದುಕೊಂಡು ತಿರುಗಿದರು, ಎರಡು ಮೂರು ವರ್ಷ ನಮ್ಮ ಮನೆಗೆ ಒಂದು ಸಂಬಂಧವೂ ಬರದ ಹಾಗೆ ನೋಡಿಕೊಂಡರು. ತಂಗಿ ಅಷ್ಟರಲ್ಲಿ ಕೆಲಸ ಹಿಡಿದಳು, ತನಗೆ ಬೇಕಾದವನನ್ನು ತಾನೇ ಮಾತಾಡಿಸಿ ನೋಡಿ ಮದುವೆಯಾದಳು. ಗುಜರಿಯಿಂದ ಸಾಮಾನು ತಂದು ನಾನು ಇನ್ನೂ ಎರಡು ಡಬ್ಬಿ ಮಾಡಿದೆ. ಅವನ್ನು ಅಮ್ಮ ಸೆರಗಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡಳು. ಗಂಡಸಿಯ ಆ ಹೆಣ್ಣು ಏನಾದಳೋ, ಇವತ್ತಿಗೂ ನನಗೆ ತಿಳಿಯದು. ಅವತ್ತು ತಿಳಿದುಕೊಳ್ಳಲು ನಾವೂ ಹೋಗಲಿಲ್ಲ.

ಆದರೆ ಆ ಭಾನುವಾರ ಇದೊಂದೂ ಗೊತ್ತಿರಲಿಲ್ಲ. ಹಳೇಬೀಡಿನಲ್ಲಿ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸಿಗಾಗಿ ಮೂವರೂ ಕಾಯುತ್ತಿದ್ದೆವು. ದೇವಸ್ಥಾನ ನೋಡಲು ಬಂದವರು, ಎಳನೀರಿನವರು, ಗಲಾಟೆ. ಅಮ್ಮ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡಿ ಕೇಳಿದಳು.

"ಆಮೇಲೆ ನಾನು ಬೇಡ ಅಂದ್ನಲ್ಲ, ಅದು ಈಚೆಗೆ ಬಂತೇನ್ರೇ? ಇಲ್ಲಾ ಬಾಯಲ್ಲೇ ಉಳ್ಕೊಂತಾ?"

ತಂಗಿ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅಮ್ಮನ ಎಡಗಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳಿಸಿತಮ್ಮ ಎಂದಳು. ಅಮ್ಮನಿಗೆ ತಿಳಿಯಲಿಲ್ಲ. ತಂಗಿ ಇನ್ನೊಮ್ಮೆ ಕೂಗಿ ಹೇಳಿದಳು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಈ ಸಲ ಅಮ್ಮನಿಗೆ ಕೇಳಿಸಿತು.

"ಕೇಳಿಸಿದ್ರೆ, ಯಾರೂ ಯಾಕೆ ಮಾತಾಡ್ಲಿಲ್ಲ?" ಎಂದಳು.